ದೀಪ ದೊಡ್ಡದು ಮಾಡು

೪ ಜುಲೈ ೧೯೬೫, ರವಿವಾರ

ಬಂದಳು ಮಹಾತಾಯಿ. ವಿಜಾಪುರದ ಬಸ್ಸು ನಿಡಗುಂದಿಯಲ್ಲಿ ನಿಂತಾಗ ಅರ್ಧ ಊರು ಅಲ್ಲೇ ನೆರೆದಿತ್ತು. ಕೆಂಪು ಮೋರೆಯ, ಒಣಹುಲ್ಲಿನ ಬಣ್ಣದ ಕೂದಲಿನ ಹುಡುಗಿಯೊಂದು ಇಳಿದು ನೆಟ್ಟಗೆ ನನ್ನ ಮುಂದೆ ಬಂದು ಕೈ ಮುಗಿದು, "ತಮ್ಮ ಗೃಹದಲ್ಲಿ ಆಶ್ರಯವನ್ನು ದಯಪಾಲಿಸಿದ್ದಕ್ಕೆ ನಾನು ಚಿರಋಣಿಯಾಗಿರುವೆನು" ಎಂದಿತು. ಹಮಾಲರು ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

ಎಲ್ಲ ನಮ್ಮಣ್ಣ ವಾಸುದೇವನ ಕೆಲಸ. ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ಅವನ ತಲೆ ಕೆಟ್ಟಿದೆ. ಈ ಗೆರ್ಡಾ ಎಂಬವಳು ಜರ್ಮನಿಯಲ್ಲಿ ಪುಸ್ತಕದಿಂದ ಕನ್ನಡ ಕಲಿತಿದ್ದಾಳಂತೆ. ಬಾಯಿಮಾತಿನ ಕನ್ನಡ ಬೇಕಂತೆ. ಡಿಸೆಂಬರ್ ತನಕ ಇಲ್ಲಿದ್ದು, ಕಲಿತದ್ದರ ಮೇಲೆ ಒಂದು ಪ್ರಬಂಧ ಬರೆದು ಗೆದ್ದರೆ ಅವಳ ಊರಿನ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುವ ನೌಕರಿ. ಸೋತರೆ ಅಪ್ಪನಿಲ್ಲದ ಹುಡುಗಿ ಯಾವುದೋ ಕಾರಖಾನೆಗೆ ಹೋಗಬೇಕು. ನಿನ್ನ ಮನೆಯೇ ಸರಿ ಗೋದೂ, ನೀನು ಒಬ್ಬಳೇ ಇದ್ದೀ, ಮೇಲಾಗಿ ಕನ್ನಡ ಸಾಲಿಯ ಅಕ್ಕೋರು ಎಂದು ಬರೆದಿದ್ದ. ಒಬ್ಬಳೇ ಇರುವುದು ನನ್ನ ತಪ್ಪೇನು?

ಮುಂದಿನ ಖೋಲಿ ಕೊಟ್ಟಿದ್ದೇನೆ. ತಾಟು ಪಡಸಾಲೆಯಲ್ಲಿ. ಅಡುಗೆ ಮನೆಯ ಹೊಸ್ತಿಲು ದಾಟಕೂಡದೆಂದು ಇವತ್ತೇ ಹೇಳಿಬಿಟ್ಟೆ. "ಆಜ್ಞಾನುಸಾರ" ಎಂದಳು. ಈ ಆರು ತಿಂಗಳು ಹೇಗೆ ಕಳೆಯುತ್ತೇನೋ ಆ ಹನುಮಪ್ಪನೇ ಬಲ್ಲ.

೧೧ ಜುಲೈ, ರವಿವಾರ

ಪ್ರಶ್ನೆ, ಪ್ರಶ್ನೆ, ಪ್ರಶ್ನೆ. ನಾವು 'ಅದ' ಅನ್ನುತ್ತೇವೆ, ಪಕ್ಕದ ಮನೆಯ ಮಾಬುಬಿ 'ಐತಿ' ಅನ್ನುತ್ತಾಳೆ, ಪುಸ್ತಕದಲ್ಲಿ 'ಇದೆ' ಇದೆ, ಯಾವುದು ಸರಿ? ನಾವು ಭಕ್ರಿ ಅಂದರೆ ಅವರೇಕೆ ರೊಟ್ಟಿ ಅನ್ನುತ್ತಾರೆ? ಊಟಕ್ಕೆ ಕೂತರೂ ಪೆನ್ಸಿಲ್ಲು ಕೈಯಲ್ಲೇ. ಮೂರೂ ಸರಿ, ಮೊದಲು ಉಣ್ಣು ಎಂದೆ. 'ಮೊದಲು ಉಣ್ಣು' ಅಂತಲೂ ಬರೆದುಕೊಂಡಳು.

ಅರ್ಧ ದಿನ ಮಾಬುಬಿಯ ಮನೆಯಲ್ಲೇ ಇರುತ್ತಾಳೆ. ನಡುವಿನ ಗೋಡೆ ಎದೆಮಟ್ಟದ್ದು, ಇಲ್ಲಿ ಗದರಿದರೆ ಅಲ್ಲಿ ಕೇಳುತ್ತದೆ. ಮಾಬುಬಿಯ ಗಂಡ ಬಂದಗಿಸಾಬ ದರ್ಜಿ. ಅವನ ಮುತ್ತಜ್ಜ ನಮ್ಮ ಮಾವನವರ ಅಜ್ಜನಿಗೆ ಅಂಗಿ ಹೊಲಿದವನು. ಗೆರ್ಡಾ ಎಂಬ ಹೆಸರು ಮಾಬುಬಿಯ ನಾಲಗೆಗೆ ಹೊರಳದೆ ಗಿರಿಜವ್ವ ಆಗಿದೆ. ಈಗ ಇಡೀ ಓಣಿಗೆ ಅವಳು ಗಿರಿಜವ್ವ. ನಾನಂತೂ ಹಾಗೆ ಕರೆಯುವವಳಲ್ಲ.

೧೯ ಜುಲೈ, ಸೋಮವಾರ

ಇವತ್ತು ಮಾನ ಕಳೆದಳು. ಬಂದಗಿಸಾಬನಿಗೆ ವಾರದಿಂದ ಜ್ವರ. ನೋಡಲು ಹೋದವಳು ಎದ್ದು ಬರುವಾಗ ಮಂಚದ ಹತ್ತಿರ ನಿಂತು, "ನಾನು ಹೋಗ್ತೇನಿ" ಎಂದಳಂತೆ. ಜಡ್ಡು ಬಿದ್ದವನ ತಲೆದಿಂಬಿನ ಬಳಿ! ಮಾಬುಬಿ ಗೋಡೆಯ ಮೇಲಿಂದ ನನ್ನನ್ನು ಕರೆದು ಹೇಳುವಾಗ ಅವಳ ದನಿ ನಡುಗುತ್ತಿತ್ತು.

ಕೂಡಿಸಿಕೊಂಡು ಹೇಳಿದೆ. ಹೋಗ್ತೇನಿ ಅನ್ನಬಾರದು, ಬರ್ತೇನಿ ಅನ್ನಬೇಕು. ಹೋಗುವವರು ಅಂದರೆ ಸಾಯುವವರು. ಅವಳು ಹುಬ್ಬು ಗಂಟಿಕ್ಕಿದಳು. ತಾನು ಬರುತ್ತಿಲ್ಲವಲ್ಲ, ಹೋಗುತ್ತಿದ್ದೇನಲ್ಲ ಎಂದಳು. ಗೊತ್ತು, ಆದರೂ ಅನ್ನಬೇಕು ಎಂದೆ.

"ಬರ್ತೇನಿ ಅಂದಾಗ, ಯಾವಾಗ ಬರ್ತಿ ಅಂತ ಅವರು ಕೇಳೂದಿಲ್ಲೇನ್ರಿ?"

"ಅದನ್ನ ಕೇಳಾಕಿ ಹುಚ್ಚಿ," ಎಂದೆ. ಅದನ್ನೂ ಬರೆದುಕೊಂಡಳು.

ಸಂಜೆ ತಾನಾಗಿ ಮಾಬುಬಿಯ ಮನೆಗೆ ಹೋಗಿ, ಒಳಗೆ ಕೂಡದೆ, ಬಾಗಿಲಲ್ಲೇ ನಿಂತು "ಬರ್ತೇನ್ರಿ" ಎಂದು ಹೇಳಿ ತಿರುಗಿ ಬಂದಳು. ಬೆಳಗಿನದನ್ನು ತಿದ್ದಲು ಹೋಗಿದ್ದಳಂತೆ. ಹುಚ್ಚು ಹುಡುಗಿ.

೨ ಆಗಸ್ಟ್, ಸೋಮವಾರ

ಮನೆ ಉಳಿದದ್ದು ದೊಡ್ಡದು.

ನಿನ್ನೆ ರಾತ್ರಿ ಊಟವಾಗಿ ನಾನು ಒಳಗೆ ಮಲಗಿದ್ದೆ. ಅವಳ ಖೋಲಿಯ ಕಂದೀಲು ಇನ್ನೂ ಉರಿಯುತ್ತಿತ್ತು. ಸೀಮೆಎಣ್ಣೆ ಏನು ಬಾವಿಯಲ್ಲಿ ಬರುತ್ತದೆಯೇ? "ದೀಪ ದೊಡ್ಡದು ಮಾಡು" ಎಂದು ಕೂಗಿದೆ. "ಹೂಂ ರೀ" ಎಂದಳು. ಸ್ವಲ್ಪ ಹೊತ್ತಿಗೆ ಕಮಟು ವಾಸನೆ. ಎದ್ದು ನೋಡಿದರೆ ಬತ್ತಿಯನ್ನು ಪೂರಾ ಮೇಲೇರಿಸಿ, ಗಾಜು ಸೀಳಿ, ಮೇಲೆ ತೂಗಿದ್ದ ಟಾವೆಲ್ಲಿಗೆ ಬೆಂಕಿ ಹತ್ತಿದೆ. ಅವಳು ಕಂಬದ ಹಾಗೆ ನಿಂತಿದ್ದಾಳೆ. ನಾನು ಕೊಡ ಬಗ್ಗಿಸಿದೆ. ಬೆಂಕಿ ಆರಿತು, ಅವಳ ಅರ್ಧ ಬರಹವೂ ನೆಂದು ಹೋಯಿತು.

ಬಾಯಿಗೆ ಬಂದದ್ದನ್ನು ಅಂದೆ. ಅವಳು ಅಳುತ್ತ, "ನೀವ ಅಂದ್ರಿ, ದೊಡ್ಡದು ಮಾಡು ಅಂತ" ಎಂದಳು. ಹೌದು, ನಾನೇ ಅಂದಿದ್ದೆ. ಮತ್ತೇನು ಅನ್ನಬೇಕಿತ್ತು? ದೀಪ ಆರಿಸು ಎಂದು ಮನೆಯ ಹೆಣ್ಣುಮಗಳು ಬಾಯಿ ಬಿಟ್ಟು ಅನ್ನುವುದುಂಟೆ? ದೊಡ್ಡದು ಮಾಡು ಎಂದರೆ ಆರಿಸು ಎಂದೇ ಅರ್ಥ ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ, ಹುಟ್ಟಿದಾಗಿನಿಂದ ಗೊತ್ತಿದೆ.

ಇವತ್ತು ಬೆಳಿಗ್ಗೆ ಅಂಥವನ್ನೆಲ್ಲ ಹೇಳಿದೆ. ಅಕ್ಕಿ ತೀರಿತು ಅನ್ನಬಾರದು, ಹೆಚ್ಚಾಯಿತು ಅನ್ನಬೇಕು. ಸಕ್ಕರೆ, ಉಪ್ಪು, ಎಲ್ಲ ಹಾಗೆಯೇ. ಬಳೆ ಒಡೆಯಿತು ಅಲ್ಲ, ಹೆಚ್ಚಾಯಿತು. ಅವಳು ನನ್ನ ಮೋರೆಯನ್ನೇ ನೋಡುತ್ತ ಕೂತಿದ್ದಳು. ಕೆಟ್ಟದ್ದನ್ನೆಲ್ಲ ನೀವು ಒಳ್ಳೆಯ ಮಾತಿನ ಒಳಗೆ ಬಚ್ಚಿಡುತ್ತೀರಿ ಎಂದಳು. ಕನ್ನಡ ಪೂರಾ ತಪ್ಪಿತ್ತು, ಮಾತು ಮಾತ್ರ ಸರಿಯಿತ್ತು.

೨೨ ಆಗಸ್ಟ್, ರವಿವಾರ

ಬಳೆಗಾರ ಬಂದಿದ್ದ. ಹಸಿರು ಗಾಜಿನ ಬಳೆ ಇಡಿಸಿಕೊಂಡಳು. ಮಧ್ಯಾಹ್ನ ಖಾರ ಕುಟ್ಟಲು ಹೋಗಿ ಒಂದು ಚೂರಾಯಿತು. ಹಿತ್ತಿಲಿಂದ ಓಡಿ ಬಂದು, "ಅಕ್ಕಾರ, ಬಳಿ ಹೆಚ್ಚಾತ್ರಿ" ಎಂದಳು. ಎಷ್ಟು ಸರಿಯಾಗಿ ಅಂದಳೆಂದರೆ ನನ್ನ ಸಾಲಿಯ ಏಳನೆಯ ಇಯತ್ತೆಯ ಹುಡುಗಿಯರೂ ಹಾಗೆ ಅನ್ನಲಾರರು.

ಅಷ್ಟಕ್ಕೆ ಬಿಟ್ಟಳೆ? ನನ್ನ ಬರಿಗೈ ನೋಡಿ, "ನಿಮ್ಮವು ಯಾವಾಗ ಹೆಚ್ಚಾದ್ವು?" ಎಂದಳು.

ಎದ್ದು ಅಡುಗೆ ಮನೆಗೆ ಹೋದೆ. ಒಲೆಯ ಬೂದಿ ತೆಗೆಯತೊಡಗಿದೆ. ಊರಿಗೆಲ್ಲ ಗೊತ್ತಿರುವ ಸಂಗತಿ, ಆದ್ದರಿಂದ ಈ ಇಪ್ಪತ್ತು ವರ್ಷ ಯಾರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವಳು ಹೊಸ್ತಿಲ ಆಚೆ ಬಂದು ಕೂತಳು, ತಪ್ಪಾಯಿತೇ ಎಂದು ಕೇಳಿದಳು. ವ್ಯಾಕರಣ ಸರಿ ಇತ್ತು ಎಂದೆ. ಆಮೇಲೆ ಅದು ಹೇಗೋ ಎಲ್ಲ ಹೇಳಿದೆ. ನಮ್ಮ ಮನೆಯವರಿಗೆ ಬಂದ ಪ್ಲೇಗು, ಮುದ್ದೇಬಿಹಾಳದ ದವಾಖಾನೆ, ನಾನು ಮುಟ್ಟುವುದರೊಳಗೆ ಮುಗಿದದ್ದು. ಅವಳು ಬರೆದುಕೊಳ್ಳಲಿಲ್ಲ.

೭ ಸೆಪ್ಟೆಂಬರ್, ಮಂಗಳವಾರ

ಪಾಕಿಸ್ತಾನದ ಮೇಲೆ ಯುದ್ಧ. ನಿನ್ನೆಯಿಂದ ರೇಡಿಯೋದ ಮುಂದೆ ಊರಿಗೆ ಊರೇ ಕೂತಿದೆ. ಇವತ್ತು ಡಂಗುರ ಸಾರಿದರು: ರಾತ್ರಿ ಎಂಟರ ನಂತರ ಯಾರ ಮನೆಯಲ್ಲೂ ಬೆಳಕು ಕಾಣಕೂಡದು. ಇಲ್ಲಿಗೆ ಹತ್ತಿರ ಆಲಮಟ್ಟಿಯಲ್ಲಿ ಕೃಷ್ಣೆಯ ಮೇಲೆ ರೈಲಿನ ಸೇತುವೆ ಇದೆಯಲ್ಲ, ವಿಮಾನಗಳು ಅದನ್ನೇ ಹುಡುಕಿಕೊಂಡು ಬರುತ್ತವಂತೆ.

ಹಾಗೆನ್ನುವವನು ಜಯತೀರ್ಥ. ರೈಲ್ವೆಯ ಗುಮಾಸ್ತಿಕೆಯಿಂದ ನಿವೃತ್ತನಾಗಿ ನಮ್ಮ ಓಣಿಯ ತುದಿಯಲ್ಲಿ ಇದ್ದಾನೆ. ನಾಲ್ಕು ಜನರನ್ನು ಕಟ್ಟಿಕೊಂಡು ಕೈಯಲ್ಲಿ ಕೋಲು ಹಿಡಿದು ಗಸ್ತು ಶುರು ಮಾಡಿದ್ದಾನೆ. ಆ ಸೇತುವೆಯನ್ನು ತಾನೇ ಕಟ್ಟಿಸಿದವನ ಹಾಗೆ ಆಡುತ್ತಾನೆ. ನಿಮ್ಮ ಮನೆಯಲ್ಲಿರುವ ಹುಡುಗಿ ದಿನವಿಡೀ ಏನು ಬರೆಯುತ್ತಾಳೆ ಎಂದು ಕೇಳಿದ. ನೀನು ಆಡುವ ಮಾತನ್ನೇ ಬರೆಯುತ್ತಾಳೆ, ಸ್ವಲ್ಪ ಹುಷಾರಾಗಿ ಆಡು ಎಂದೆ.

ಡಂಗುರ ಕೇಳಿದ್ದೇ ಗಿರಿಜಾ ಬಂದಗಿಸಾಬನ ಅಂಗಡಿಗೆ ಓಡಿ ಕರಿ ಬಟ್ಟೆ ತಂದಳು. ನಾನು ಹೇಳುವ ಮೊದಲೇ ಎಲ್ಲ ಕಿಟಕಿಗೂ ಕಟ್ಟಿದಳು. ಮೂಲೆಗಳನ್ನು ಹೇಗೆ ಮಡಚಬೇಕು, ಬಾಗಿಲ ಸಂದಿಗೆ ಚಿಂದಿ ಹೇಗೆ ತುರುಕಬೇಕು, ಎಲ್ಲ ಅವಳಿಗೆ ಗೊತ್ತು. ಅವಳಿಗೆ ನಾಲ್ಕು ವರ್ಷವಿದ್ದಾಗ ಅವರ ಊರಿನಲ್ಲಿ ಹೀಗೆಯೇ ಇತ್ತಂತೆ. ಒಂದು ರಾತ್ರಿ ಪಕ್ಕದ ಬೀದಿಯೇ ಇಲ್ಲದಂತಾಯಿತಂತೆ. ಹೇಳುವಾಗ ಕನ್ನಡ ಮರೆತು ತನ್ನ ಭಾಷೆಯಲ್ಲೇ ಹೇಳತೊಡಗಿದಳು, ನಾನೂ ತಡೆಯಲಿಲ್ಲ. ಹೊಸ್ತಿಲು ದಾಟಿ ಬಂದು ಒಲೆಯ ಪಕ್ಕದಲ್ಲಿ ಕೂತು ಕೈ ಕಾಯಿಸಿಕೊಂಡಳು. ಚಳಿಗಾಲವಲ್ಲ, ಆದರೂ ಕೈ ತಣ್ಣಗಿದ್ದವು.

೧೨ ಸೆಪ್ಟೆಂಬರ್, ರವಿವಾರ

ಬಾಗಿಲಿಗೆ ಅಗಳಿ ಹಾಕಿ ಬರೆಯುತ್ತಿದ್ದೇನೆ.

ನಿನ್ನೆ ರಾತ್ರಿ ಎಂಟು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಗಿರಿಜಾ ಬರೆಯುತ್ತ ಕೂತಿದ್ದಳು. ಕರಿ ಬಟ್ಟೆಯ ಒಂದು ಮೂಲೆ ಗಾಳಿಗೆ ಬಿಚ್ಚಿದ್ದು ನಮಗೆ ಗೊತ್ತಿಲ್ಲ. ನಾನು ಒಳಗಿನಿಂದ ದೀಪ ದೊಡ್ಡದು ಮಾಡು ಎಂದೆ, ಅವಳು ಮಾಡಿದಳು. ಅಷ್ಟರಲ್ಲೇ ಬಾಗಿಲಿಗೆ ಕೋಲಿನ ಪೆಟ್ಟು. ಜಯತೀರ್ಥ, ಅವನ ಹಿಂದೆ ನಾಲ್ಕು ಜನ. ಬೆಳಕು ಕಂಡಿತು, ಯಾರು ಹಚ್ಚಿದ್ದು ಎಂದು ಕೇಳಿದ. ನಾನು ಸೀರೆ ಸರಿಪಡಿಸಿಕೊಂಡು ಬರುವುದರೊಳಗೆ ಅವಳೇ ಬಾಗಿಲು ತೆರೆದು, ನನ್ನಿಂದ ಕಲಿತದ್ದನ್ನು ನಾನು ಕಲಿಸಿದಂತೆಯೇ, ಚೊಕ್ಕವಾಗಿ ಹೇಳಿದಳು:

"ನಾನು ಆಗಲೇ ದೀಪ ದೊಡ್ಡದು ಮಾಡೇನ್ರಿ."

ಜಯತೀರ್ಥ ತನ್ನ ಜನರ ಕಡೆ ತಿರುಗಿ, "ಕೇಳಿದ್ರಿಲ್ಲೋ? ತನ್ನ ಬಾಯಲೇ ಒಪ್ಪಿಕೊಂಡ್ಳು" ಎಂದ.

ನಾನು ಕಿರುಚಿದೆ. ಆರಿಸಿದ್ದೇನೆ ಅಂತ ಹೇಳುತ್ತಿದ್ದಾಳೆ, ನಿನ್ನ ಹೆಂಡತಿ ದಿನಾ ಏನಂತಾಳೆ, ನಿನ್ನ ತಾಯಿ ಏನಂತಿದ್ದಳು ಎಂದೆ. ಅವನು ನಿಧಾನವಾಗಿ, "ಅದು ನಮ್ಮ ಹೆಂಗಸರು ಅನ್ನೋ ಮಾತು, ವೈನಿ. ಇಕಿ ಯಾವಾಗ ನಮ್ಮ ಹೆಂಗಸಾದ್ಳು?" ಎಂದ.

ಗಿರಿಜಾ ನಮ್ಮಿಬ್ಬರ ಮೋರೆಯನ್ನೂ ನೋಡುತ್ತ, ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದಳು. ತಪ್ಪಿಲ್ಲವೇ ಹುಡುಗಿ, ನೀನು ಒಂದು ಕಾನಾಮಾತ್ರೆ, ಒಂದು ಕೊಂಬು ಕೂಡ ತಪ್ಪಿಲ್ಲ.

೧೩ ಸೆಪ್ಟೆಂಬರ್, ಸೋಮವಾರ

ಪಂಚನಾಮೆ ಆಯಿತು. ಎಂಟರ ನಂತರ ಬೆಳಕು ಕಂಡದ್ದು ದೊಡ್ಡದಲ್ಲ, ಈ ವಾರ ಹತ್ತು ಮನೆಗೆ ಬೈದು ಬಿಟ್ಟಿದ್ದಾರೆ. ಆದರೆ ಕಾಗದದಲ್ಲಿ ಬರೆದಿರುವುದು ಹೀಗೆ: 'ಸದರಿ ಪರದೇಶದ ಹೆಣ್ಣುಮಗಳು ಹುಕುಂ ಗೊತ್ತಿದ್ದೂ ದೀಪವನ್ನು ದೊಡ್ಡದು ಮಾಡಿದ್ದಾಗಿ ತಾನೇ ಒಪ್ಪಿಕೊಂಡಿರುತ್ತಾಳೆ.' ಓದಿದರೆ ಯಾರಿಗಾದರೂ ವಿಮಾನಕ್ಕೆ ಸನ್ನೆ ಮಾಡಿದಂತೆಯೇ ಕಾಣುತ್ತದೆ. ಬಾಯಲ್ಲಿದ್ದಾಗ ಅದು ಆರಿಸಿದ ದೀಪ, ಕಾಗದಕ್ಕೆ ಬಂದದ್ದೇ ಹೊತ್ತಿಕೊಂಡಿತು.

ಅವಳ ಪಾಸ್‌ಪೋರ್ಟು, ಬರೆದ ಹಾಳೆಗಳು ಎಲ್ಲ ಬಾಗೇವಾಡಿಯ ಫೌಜದಾರರ ಕಚೇರಿಗೆ ಹೋದವು. ಗುರುವಾರ ನಾವು ಅಲ್ಲಿಗೆ ಹೋಗಬೇಕು. ಆರೋಪ ನಿಂತರೆ ಜೇಲು, ಇಲ್ಲವೆ ದೇಶದ ಹೊರಗೆ, ಮತ್ತೆಂದೂ ಕಾಲಿಡುವಂತಿಲ್ಲ. ಪ್ರಬಂಧವೂ ಇಲ್ಲ, ನೌಕರಿಯೂ ಇಲ್ಲ. ಆ ಹಾಳೆಗಳಲ್ಲಿ ಅವಳ ಎರಡು ತಿಂಗಳಿವೆ.

ದರ್ಜಿಯ ಮನೆಗೆ ದಿನವೂ ಯಾಕೆ ಹೋಗುತ್ತಿದ್ದಳು ಎಂದೂ ಜಯತೀರ್ಥ ಬರೆಸಿದ್ದಾನೆ. ಯಾಕೆ ಬರೆಸಿದ್ದಾನೆಂದು ಬಿಡಿಸಿ ಹೇಳಬೇಕಿಲ್ಲ, ಯುದ್ಧ ಯಾರ ಮೇಲೆ ನಡೆದಿದೆ ಎಂಬುದು ಎಲ್ಲರಿಗೂ ಗೊತ್ತು. ಸಂಜೆ ಮಾಬುಬಿ ಗೋಡೆಯ ಬಳಿ ನಿಂತು ಗಿರಿಜಾಳಿಗೆ, "ಸ್ವಲ್ಪ ದಿನ ನಮ್ಮ ಮನಿಗೆ ಬರಬ್ಯಾಡವ್ವಾ" ಎಂದಳು. ಹೇಳಿ ಅಲ್ಲೇ ನಿಂತು ಅತ್ತಳು. ಏಳು ತಲೆಮಾರಿನಿಂದ ಇಲ್ಲಿದ್ದವರು ಹೀಗೆ ಹೆದರಿಕೊಂಡು ಮಾತಾಡುವುದನ್ನು ಕೇಳಿ ನನಗೆ ಜಯತೀರ್ಥನ ಕೋಲು ಕಸಿದು ಅವನಿಗೇ ಎರಡು ಬಿಡಬೇಕೆನಿಸಿತು.

೧೪ ಸೆಪ್ಟೆಂಬರ್, ಮಂಗಳವಾರ

ಇಡೀ ದಿನ ಅವಳು ಒಂದು ಕನ್ನಡ ಮಾತು ಆಡಲಿಲ್ಲ. ಉಣ್ಣು ಎಂದರೆ ತಲೆ ಅಲ್ಲಾಡಿಸಿದಳು. ಹುಷಾರಿಲ್ಲವೇ ಎಂದರೆ ತಲೆ ಅಲ್ಲಾಡಿಸಿದಳು. ಮನೆ ಬಿಕೋ ಎನ್ನುತ್ತಿದೆ. ಮೊದಲು ಪ್ರಶ್ನೆ ಕೇಳಿ ಕೇಳಿ ತಲೆ ತಿಂದಾಗ ಸುಮ್ಮನಿರು ಎಂದು ಎಷ್ಟು ಸಲ ಗದರಿದ್ದೇನೆ.

ನನಗೂ ಊಟ ಸೇರಲಿಲ್ಲ.

೧೫ ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಪಾತ್ರೆ ಬೆಳಗುತ್ತಿದ್ದಾಗ ಬೆನ್ನ ಹಿಂದೆ ದನಿ ಕೇಳಿತು. "ಅಕ್ಕಾರ, ನಾ ಪುಸ್ತಕದ ಕನ್ನಡ ಆಡಿದ್ರ ಬದುಕತಿದ್ನಿ."

ಹೌದು. 'ನಾನು ದೀಪವನ್ನು ನಂದಿಸಿರುವೆನು' ಎಂದಿದ್ದರೆ ಅವರೆಲ್ಲ ನಕ್ಕು ಹೋಗಿಬಿಡುತ್ತಿದ್ದರು. ನಮ್ಮ ಹಾಗೆ ಮಾತಾಡಿದ್ದೇ ತಪ್ಪಾಯಿತು. ಹಾಗೆ ಮಾತಾಡಲು ಕಲಿಸಿದವಳು ನಾನು.

ನಾಳೆ ಏನು ಹೇಳಬೇಕೆಂದು ಅವಳಿಗೆ ಹೇಳಿಕೊಡಲು ಹೋದೆ. ಬೇಡ ಎಂದಳು. ಹೇಳಿಕೊಟ್ಟದ್ದನ್ನು ಒಪ್ಪಿಸಿದರೆ ಅದು ಅವರಿಗೆ ಗೊತ್ತಾಗುತ್ತದಂತೆ. ಮೊಂಡಿ.

೧೬ ಸೆಪ್ಟೆಂಬರ್, ಗುರುವಾರ

ಎಲ್ಲವನ್ನೂ ಬರೆದಿಡಬೇಕು, ಒಂದನ್ನೂ ಬಿಡಬಾರದು.

ಬೆಳಿಗ್ಗೆ ಬಸ್ಸಿಗೆ ಹೊರಟೆವು. ನಿಲ್ದಾಣದಲ್ಲಿ ಮಾಬುಬಿ ನಿಂತಿದ್ದಳು, ಇಸ್ತ್ರಿ ಮಾಡಿದ ಸೀರೆ, ತಲೆಯ ಮೇಲೆ ಸೆರಗು. ನೀನು ಯಾಕೆ ಬಂದೆ, ಈಗಿನ ಕಾಲ ನಿನಗೆ ಗೊತ್ತಿಲ್ಲವೇ ಎಂದೆ. "ನಾನೂ ದಿನಾ ದೀಪ ಹಚ್ಚಾಕೀನ ಅಲ್ಲೇನ್ರಿ, ಅಕ್ಕಾರ," ಎಂದು ಮೊದಲು ತಾನೇ ಬಸ್ಸು ಹತ್ತಿದಳು. ಮೂವರೂ ಒಂದೇ ಸೀಟಿನಲ್ಲಿ ಕೂತೆವು.

ಫೌಜದಾರ ಮಾಳಿಂಗಪ್ಪ ಇಂಡಿ ಕಡೆಯವರು. ಒರಟರಲ್ಲ, ಅದೇ ಹೆಚ್ಚು ಹೆದರಿಕೆಯಾಯಿತು. ಒರಟರ ಜೊತೆ ಜಗಳವನ್ನಾದರೂ ಆಡಬಹುದು. ನನ್ನ ಮಾತನ್ನು ಪೂರಾ ಕೇಳಿದರು. ಮಾಬುಬಿ ನಿಂತುಕೊಂಡೇ, ನಮ್ಮ ಮನೆಯಲ್ಲೂ ಹಾಗೆಯೇ ಅನ್ನುತ್ತೇವೆ, ನಮ್ಮತ್ತೆಯೂ ಹಾಗೆಯೇ ಅನ್ನುತ್ತಿದ್ದಳು ಎಂದಳು. ಅವಳ ದನಿ ಈ ಸಲ ನಡುಗಲಿಲ್ಲ.

"ನಮ್ಮವ್ವನೂ ಹಂಗ ಅಂತಾಳ್ರಿ," ಎಂದರು ಫೌಜದಾರರು. "ಆದ್ರ ಅಕ್ಕಾರ, ಇವರು ಬಂದು ಎಲ್ಡ ತಿಂಗಳಾತು. ಈ ಮಾತು ಇವರ ಬಾಯಾಗ ತಾನಾಗಿ ಬಂತು ಅಂದ್ರ ಹೆಂಗ ನಂಬಲಿ? ಸಿಕ್ಕಿಬಿದ್ದ ಮ್ಯಾಲೆ ನೀವು ಹಿಂಗ ಹೇಳಂತ ಕಲಿಸಿರಬಹುದು. ಮ್ಯಾಲಿನವರು ನನ್ನ ಕೇಳ್ತಾರ."

ಗಿರಿಜಾ ತಲೆ ಬಗ್ಗಿಸಿ ಕೂತಿದ್ದಳು. ಅವಳನ್ನು ಎರಡು ಮೂರು ಪ್ರಶ್ನೆ ಕೇಳಿದರು. ಹೌದು, ಇಲ್ಲ ಅಷ್ಟೇ ಅಂದಳು. ಅವಳ ಹಾಳೆಗಳನ್ನು ಮಗುಚಿ ಹಾಕಿದರು; ಒಂದಕ್ಕೂ ತಾರೀಖಿಲ್ಲ, ಯಾವಾಗ ಬರೆದದ್ದೆಂದು ಹೇಗೆ ತಿಳಿಯಬೇಕು ಎಂದರು. ಅವುಗಳಲ್ಲಿ 'ಅದನ್ನ ಕೇಳಾಕಿ ಹುಚ್ಚಿ' ಎಂದು ಬರೆದದ್ದು ನನ್ನ ಕಣ್ಣಿಗೆ ಬಿತ್ತು. ಫೌಜದಾರರು ಲೇಖನಿ ಎತ್ತಿಕೊಂಡರು. ನಾನು ಮನಸ್ಸಿನಲ್ಲೇ ರಾಯರನ್ನು ನೆನೆಯುತ್ತಿದ್ದೆ.

ಅಷ್ಟರಲ್ಲಿ ಅಮಸಿದ್ದ ಎಂಬ ಪೊಲೀಸ ಚಹಾ ತಂದ. ತಟ್ಟೆ ಇಡುತ್ತ ಫೌಜದಾರರ ಕಿವಿಯ ಹತ್ತಿರ ಬಗ್ಗಿ, "ಸಾಹೇಬ್ರ, ಸಕ್ಕರಿ ಹೆಚ್ಚಾಗೇತ್ರಿ" ಎಂದ.

ಗಿರಿಜಾ ತಲೆ ಎತ್ತಿದಳು. "ನನಗ ಬ್ಯಾಡ್ರಿ," ಎಂದಳು. "ಇದ್ದಷ್ಟು ಅಕ್ಕಾರಿಗೆ ಹಾಕ್ರಿ. ಎರಡು ದಿನ ಆತು, ಅವರು ಏನೂ ತಿಂದಿಲ್ಲ."

ತಾನು ಏನು ಮಾಡಿದೆನೆಂದು ಅವಳಿಗೆ ಗೊತ್ತೇ ಆಗಿರಲಿಲ್ಲ. ಫೌಜದಾರರು ಲೇಖನಿ ಕೆಳಗಿಟ್ಟು ಅವಳನ್ನೇ ನೋಡಿದರು. ಆಮೇಲೆ ಅಮಸಿದ್ದನನ್ನು ನೋಡಿದರು. "ನಿನಗ ಏನು ಅರ್ಥ ಆತವ್ವಾ? ಇಂವ ಏನಂದ?" ಎಂದು ಕೇಳಿದರು. ಅವಳು ಗಾಬರಿಯಾಗಿ ನನ್ನ ಕಡೆ ನೋಡಿ, ಸಕ್ಕರೆ ಇಲ್ಲ ಅಂದರು, ಮತ್ತೇನು ಎಂದಳು.

ಫೌಜದಾರರು ನಕ್ಕರು. ದೊಡ್ಡ ನಗು ಏನಲ್ಲ, ಮೂಗಿನಲ್ಲೇ. ಬರೆದು ಸಹಿ ಬಿದ್ದದ್ದನ್ನು ಹೊಡೆದುಹಾಕಲು ತಮಗೆ ಬರುವುದಿಲ್ಲ, ಕೆಳಗೆ ಒಂದು ಮಾತು ಸೇರಿಸುತ್ತೇನೆ ಎಂದರು. ಬರೆದು ನನಗೆ ಓದಿ ತೋರಿಸಿದರು: 'ಈ ಭಾಗದಲ್ಲಿ ದೀಪ ದೊಡ್ಡದು ಮಾಡುವುದು ಎಂದರೆ ಆರಿಸುವುದು ಎಂದು ರೂಢಿ ಇರುತ್ತದೆ. ಸದರಿ ಹೆಣ್ಣುಮಗಳು ಈ ರೂಢಿಯನ್ನು ಬಲ್ಲಳು ಎಂದು ಖಾತ್ರಿಯಾಗಿದೆ.' ಆರೋಪ ನಿಲ್ಲುವುದಿಲ್ಲ, ಹಾಳೆಗಳನ್ನು ಈಗಲೇ ಒಯ್ಯಿರಿ, ಪಾಸ್‌ಪೋರ್ಟು ವಿಜಾಪುರಕ್ಕೆ ಹೋಗಿದೆ, ಅಲ್ಲಿಂದ ಬರುತ್ತದೆ ಎಂದರು.

ಹೊರಗೆ ಬಂದು ಮಾಬುಬಿ ಗೋಡೆಗೆ ಒರಗಿ ಕೂತುಬಿಟ್ಟಳು. ನಾನೂ ಅವಳ ಪಕ್ಕ ಕೂತೆ. ಆ ಚಹಾ ಬರೇ ಕಹಿ ಇತ್ತು, ಪೂರಾ ಕುಡಿದಿದ್ದೆ.

೨೧ ಸೆಪ್ಟೆಂಬರ್, ಮಂಗಳವಾರ

ಪಾಸ್‌ಪೋರ್ಟು ಬಂತು, ಜೊತೆಗೆ ಒಂದು ಹುಕುಂ. ಆರೋಪ ಏನೂ ಇಲ್ಲ. ಆದರೆ ರೈಲಿನ ಹಾದಿಗೆ, ಸೇತುವೆಗೆ ಹತ್ತಿರ ಇರುವ ಊರುಗಳಲ್ಲಿ ಪರದೇಶದವರು ಯಾರೂ ಇರಕೂಡದು. ಶನಿವಾರದೊಳಗೆ ಜಿಲ್ಲೆ ಬಿಟ್ಟು ಮುಂಬಯಿಗೆ ಹೋಗಬೇಕು, ಅಲ್ಲಿಂದ ತಮ್ಮ ದೇಶಕ್ಕೆ. ಇಲ್ಲಿನ ಪರವಾನಿಗೆ ಮುಂದುವರಿಸುವುದಿಲ್ಲ.

ಕೈಯಲ್ಲಿ ಇರುವುದರಿಂದಲೇ ಪ್ರಬಂಧ ಬರೆಯುತ್ತೇನೆ, ಸಾಕಾಗುತ್ತದೆ ಎಂದಳು. ಸಾಕಾಗುತ್ತದೆ, ಯಾಕೆ ಸಾಕಾಗುವುದಿಲ್ಲ ಎಂದು ನಾನೂ ಅಂದೆ. ಡಿಸೆಂಬರಿಗೆ ಇನ್ನೂ ಮೂರು ತಿಂಗಳಿತ್ತು. ಎಳ್ಳು ಹಚ್ಚಿದ ಸಜ್ಜೆಯ ಭಕ್ರಿ ತಿನ್ನಿಸಬೇಕು ಅಂದುಕೊಂಡಿದ್ದೆ, ಅದಕ್ಕೆ ಚಳಿ ಬೀಳಬೇಕು.

೨೩ ಸೆಪ್ಟೆಂಬರ್, ಗುರುವಾರ

ಯುದ್ಧ ನಿಂತಿತು. ಹುಕುಂ ನಿಲ್ಲಲಿಲ್ಲ. ವಾಸುದೇವ ಧಾರವಾಡದಿಂದ ತಾರು ಮೇಲೆ ತಾರು ಹೊಡೆದ, ಏನೂ ಆಗಲಿಲ್ಲ.

ಸಂಜೆ ಎಲ್ಲ ಮನೆಯಲ್ಲೂ ದೀಪ ಕಂಡವು. ಗಿರಿಜಾ ಕರಿ ಬಟ್ಟೆ ಬಿಚ್ಚಿ, ಮಡಚಿ, ಮಾಬುಬಿಗೆ ಕೊಟ್ಟು ಬಂದಳು. ಬಂದಗಿಸಾಬ ಅದರಲ್ಲಿ ಅವಳ ಹಾಳೆಗಳಿಗೆ ಚೀಲ ಹೊಲಿಯುತ್ತಾನಂತೆ. ಆಮೇಲೆ ಒಲೆಯ ಮುಂದೆ ಕೂತು ಭಕ್ರಿ ಬಡಿದಳು. ನಾನು ಹಿಟ್ಟು ನಾದಿಕೊಟ್ಟೆ. ಅವಳ ಭಕ್ರಿ ಇನ್ನೂ ದುಂಡಗಾಗುವುದಿಲ್ಲ, ಲಂಕೆಯ ನಕಾಶೆಯ ಹಾಗೆ ಆಗುತ್ತದೆ. ದೇವರಿಗೆ ನೈವೇದ್ಯ ಮಾಡಿ ಅದನ್ನೇ ಇಬ್ಬರೂ ಉಂಡೆವು.

೨೫ ಸೆಪ್ಟೆಂಬರ್, ಶನಿವಾರ

ಬೆಳಗಿನ ಬಸ್ಸಿಗೆ ಕಳಿಸಿದೆವು. ಜಯತೀರ್ಥನೂ ಬಂದಿದ್ದ. ಮಾಡುವುದನ್ನೆಲ್ಲ ಮಾಡಿ ಈಗ ಕಂಡಕ್ಟರನಿಗೆ ಹೇಳಿ ಕಿಟಕಿಯ ಸೀಟು ಹಿಡಿದುಕೊಟ್ಟ. ಅವಳು ಅವನಿಗೂ ಕೈ ಮುಗಿದಳು. ನಾನಾಗಿದ್ದರೆ ಮುಗಿಯುತ್ತಿರಲಿಲ್ಲ.

ದಾರಿಗೆ ಬುತ್ತಿ ಕಟ್ಟಿಕೊಟ್ಟಿದ್ದೆ. ಅದು ಕೈಯಲ್ಲಿ, ಕರಿ ಬಟ್ಟೆಯ ಚೀಲ ತೊಡೆಯ ಮೇಲೆ. ಹಸಿರು ಬಳೆ ಕೈತುಂಬ ಇದ್ದವು, ಮಾಬುಬಿ ನಿನ್ನೆ ಇಡಿಸಿದ್ದು. ನಾನು ನೀರು ಕಾಯಿಸಿಯೇ ಕುಡಿ, ಯಾರೊಡನೆಯೂ ಹೆಚ್ಚು ಮಾತಾಡಬೇಡ, ಪ್ರಬಂಧದಲ್ಲಿ 'ಅದ'ವನ್ನೂ 'ಐತಿ'ಯನ್ನೂ ಕಲಸಬೇಡ ಎಂದೆಲ್ಲ ಹೇಳುತ್ತಿದ್ದೆ. ಹೂಂ, ಹೂಂ ಎನ್ನುತ್ತಿದ್ದಳು. ಡ್ರೈವರ್ ಬಂದು ಕೂತ. ಅವಳು ಕಿಟಕಿಯಿಂದ ಬಗ್ಗಿ ನನ್ನ ಕೈ ಹಿಡಿದುಕೊಂಡಳು.

"ಬರ್ತೇನ್ರಿ, ಅಕ್ಕಾರ."

"ಯಾವಾಗ?" ಎಂದೆ.

ಅವಳು ನನ್ನನ್ನೇ ನೋಡಿದಳು. ಜಯತೀರ್ಥ ಆ ಕಡೆ ಮೋರೆ ತಿರುಗಿಸಿದ. ಮಾಬುಬಿ ನನ್ನ ತೋಳು ಹಿಡಿದು, ಸಣ್ಣ ಹುಡುಗರಿಗೆ ಹೇಳುವ ಹಾಗೆ ಮೆಲ್ಲಗೆ, "ಬರ್ತೇನಿ ಅಂದ್ರ ಹೋಗ್ತೇನಿ ಅಂತ್ರಿ, ಅಕ್ಕಾರ" ಎಂದಳು.

ನನಗೆ ಗೊತ್ತಿಲ್ಲವೇ, ನಿನ್ನಿಂದ ಕನ್ನಡ ಕಲಿಯಬೇಕೇ ನಾನು ಎಂದು ಅವಳ ಮೇಲೆ ರೇಗಿದೆ. ಅಷ್ಟರಲ್ಲಿ ಬಸ್ಸು ಬಿಟ್ಟಿತು. ಗಿರಿಜಾ ಕಿಟಕಿಯಿಂದ ಏನೋ ಕೂಗಿ ಹೇಳಿದಳು. ಇಂಜಿನಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಯಾವುದೋ ತಿಂಗಳ ಹೆಸರು ಇದ್ದಂತಿತ್ತು.